ರುಜು ಹಾಕುವ ಪುಟ

ಪಿಎಚ್.ಡಿ. ಪ್ರಬಂಧವೊಂದನ್ನು ಕೈಗೆತ್ತಿಕೊಂಡರೆ ಮೊದಲು ಸಿಗುವುದು ವಿಷಯವಲ್ಲ, ಪ್ರಮಾಣಪತ್ರಗಳು. ಮಾರ್ಗದರ್ಶಕರದು ಒಂದು, ಸಂಶೋಧಕರದು ಒಂದು. ಸಂಶೋಧಕರ ಪುಟದಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಒಕ್ಕಣೆ: ಈ ಪ್ರಬಂಧ ನನ್ನ ಸ್ವಂತ ಅಧ್ಯಯನದ ಫಲ, ಇದನ್ನು ಬೇರಾವ ಪದವಿಗೂ ಸಲ್ಲಿಸಿಲ್ಲ. ಕೆಳಗೆ ಊರು, ತಾರೀಖು, ರುಜು. ಉಳಿದ ಪುಟಗಳಿಗೆ ಆರು ವರ್ಷ ತೆಗೆದುಕೊಂಡವರು ಈ ಪುಟಕ್ಕೆ ಆರು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ. ಟೈಪು ಮಾಡುವವನೇ ಹಿಂದೆ ಯಾರೋ ಮಾಡಿಸಿದ ಪ್ರಬಂಧದಿಂದ ಈ ಪುಟವನ್ನು ಎತ್ತಿ, ಹೆಸರು ಬದಲಾಯಿಸಿ ಕೊಟ್ಟುಬಿಡುತ್ತಾನೆ. ‘ಇದು ನನ್ನ ಸ್ವಂತದ್ದು’ ಎನ್ನುವ ಮಾತನ್ನೇ ನಾವು ಇನ್ನೊಬ್ಬರಿಂದ ನಕಲು ಮಾಡಿಕೊಳ್ಳುತ್ತೇವೆ.

ನನಗೆ ಮಾತ್ರ ಆ ಪುಟ ಬಹಳ ದಿನ ಕಾಡಿತು. ಇನ್ನೊಬ್ಬರ ಪುಸ್ತಕದಿಂದ ಒಂದು ಸಾಲನ್ನೂ ಹೇಳದೆ ಕೇಳದೆ ತೆಗೆದುಕೊಂಡವಳಲ್ಲ ನಾನು. ಆ ಭಯವಲ್ಲ. ‘ಸ್ವಂತ’ ಎಂದರೆ ಏನು ಎನ್ನುವುದೇ ತಿಳಿಯದಂತಾಗಿತ್ತು. ಅದನ್ನು ಹೇಳಬೇಕಾದರೆ ನಾನು ಯಾವ ವಿಷಯದ ಮೇಲೆ ಬರೆದೆ, ಹೇಗೆ ಬರೆದೆ ಎನ್ನುವುದನ್ನು ಸ್ವಲ್ಪ ಹೇಳಬೇಕು.

1987ರಲ್ಲಿ ನಾನು ಹೆಸರು ನೋಂದಾಯಿಸಿದ್ದು ಬೀಸುವ ಪದಗಳ ಮೇಲೆ. ತಿಪಟೂರು, ಅರಸೀಕೆರೆಗಳ ಸುತ್ತಿನ ರಾಗಿ ಸೀಮೆಯ ಹೆಂಗಸರು ಬೆಳಗಿನ ಜಾವ ರಾಗಿ ಬೀಸುತ್ತ ಹೇಳಿಕೊಳ್ಳುತ್ತಿದ್ದ ತ್ರಿಪದಿಗಳು. ಆಗ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ, ಇಬ್ಬರು ಮಕ್ಕಳಿದ್ದರು, ಚಿಕ್ಕವನಿಗೆ ಮೂರು ವರ್ಷ. ಯು.ಜಿ.ಸಿ.ಯವರ ಎಫ್.ಐ.ಪಿ. ಯೋಜನೆಯಲ್ಲಿ ಅಧ್ಯಾಪಕರಿಗೆ ಸಂಶೋಧನೆಗೆಂದು ಸಂಬಳ ಸಹಿತ ರಜೆ ಸಿಗುತ್ತಿತ್ತು. ನನಗೂ ಸಿಕ್ಕಿತು. ‘ರಜೆ’ ಎನ್ನುವ ಪದದ ಮಹಿಮೆ ನೋಡಿ. ಕಾಲೇಜಿಗೆ ಹೋಗುತ್ತಿದ್ದಾಗ ‘ಪಾಪ, ದುಡಿದು ಬರ್ತಾಳೆ’ ಎನ್ನುತ್ತಿದ್ದ ನೆಂಟರಿಷ್ಟರು, ಮೇಜಿನ ಮುಂದೆ ಕೂತು ಬರೆಯುತ್ತಿದ್ದರೆ ‘ರಜೆ ಅಲ್ವಾ, ಮನೇಲೇ ಇದ್ದೀಯಲ್ಲ’ ಎಂದು ಸಂಸಾರ ಸಮೇತ ಬಂದಿಳಿಯತೊಡಗಿದರು. ಆ ಮೂರು ವರ್ಷಗಳಲ್ಲಿ ನಾನು ಕರಿದಷ್ಟು ಹಪ್ಪಳ ಸಂಡಿಗೆಯನ್ನು ಅದರ ಹಿಂದೆಯೂ ಕರಿದಿಲ್ಲ, ಮುಂದೆಯೂ ಕರಿದಿಲ್ಲ. ಓದುವವರಲ್ಲಿ ಈ ದಾರಿಯಲ್ಲಿ ನಡೆದವರಿದ್ದರೆ ಇದನ್ನು ಬೆಳೆಸಿ ಹೇಳುವ ಅಗತ್ಯವಿಲ್ಲ.

ಹಳ್ಳಿಗಳಿಗೆ ಹೋಗುವಾಗ ಒಂದು ಟೇಪ್ ರೆಕಾರ್ಡರು, ನಾಲ್ಕಾರು ಕ್ಯಾಸೆಟ್ಟು, ಬ್ಯಾಟರಿ, ಎಲೆ ಅಡಿಕೆ ಇಷ್ಟು ನನ್ನ ಚೀಲದಲ್ಲಿ ಇರುತ್ತಿದ್ದವು. ಆ ಹೊತ್ತಿಗಾಗಲೇ ಊರೂರಿಗೆ ಕರೆಂಟು ಬಂದು, ಹಿಟ್ಟಿನ ಮಿಷನ್ನು ಬಂದು, ಬೀಸುವ ಕಲ್ಲುಗಳು ಹಿತ್ತಿಲಲ್ಲಿ ಬೋರಲು ಬಿದ್ದಿದ್ದವು. ಹಾಡಿ ಎಂದರೆ ಹೆಂಗಸರು ನಗುತ್ತಿದ್ದರು. ‘ಕಲ್ಲಿಲ್ದೆ ಪದ ಎಲ್ಲಿ ಬತ್ತದವ್ವ?’ ಎಂದು ಒಬ್ಬಾಕೆ ಕೇಳಿದ್ದರು. ಆ ಮಾತು ನಿಜ. ಗೂಟ ಹಿಡಿದು ಸುತ್ತುವ ತೋಳಿನ ಓಟಕ್ಕೇ ಆ ಸಾಲುಗಳು ಹೊಂದಿಕೊಂಡಿದ್ದವು. ಕೆಲವರು ಬರಿಗೈಯನ್ನೇ ಗಾಳಿಯಲ್ಲಿ ತಿರುಗಿಸುತ್ತ ಹಾಡಿದರು. ಇನ್ನು ಕೆಲವರಿಗೆ ಕಲ್ಲನ್ನು ಎತ್ತಿ ತಂದು ತೊಳೆದು ಒಂದು ಹಿಡಿ ರಾಗಿ ಹಾಕಿದ ಮೇಲೆಯೇ ಪದ ನೆನಪಾದದ್ದು.

ಹಾಡಿದವರ ವಿವರವನ್ನು ಪ್ರಬಂಧದ ಕೊನೆಗೆ ಒಂದು ಪಟ್ಟಿಯಾಗಿ ಕೊಡಬೇಕು. ನಮ್ಮ ಶಾಸ್ತ್ರದ ಭಾಷೆಯಲ್ಲಿ ಅವರಿಗೆ ‘ವಕ್ತೃ’ ಎಂದು ಹೆಸರು. ಹೆಸರು, ವಯಸ್ಸು, ಜಾತಿ, ಕಸುಬು, ಊರು ಎಂದು ಐದು ಕಲಮು. ಹೆಸರು ಕೇಳಿದರೆ ಕೆಲವರು ಒಂದು ಗಳಿಗೆ ಯೋಚಿಸಬೇಕಾಗಿತ್ತು; ಇಂಥವನ ಅವ್ವ, ಇಂಥವನ ಹೆಂಡತಿ ಎಂದೇ ಊರೆಲ್ಲ ಕರೆದು ಸ್ವಂತ ಹೆಸರು ಹಳೆಯ ಸೀರೆಯ ಹಾಗೆ ಪೆಟ್ಟಿಗೆಯ ತಳ ಸೇರಿತ್ತು. ವಯಸ್ಸು ಕೇಳಿದರೆ, ‘ಪಲೇಗು ಬಂದು ಊರು ಬಿಟ್ಟು ಹೊಲದಾಗೆ ಗುಡ್ಲು ಹಾಕ್ಕಂಡಿದ್ರಲ್ಲ, ಅವಾಗ ಹುಟ್ಟಿದೋಳು ನಾನು’ ಎನ್ನುವಂಥ ಉತ್ತರ. ನಾನು ಲೆಕ್ಕ ಹಾಕಿ ಒಂದು ಅಂಕಿ ಬರೆದುಕೊಳ್ಳುತ್ತಿದ್ದೆ. ಜಾತಿಯ ಕಲಮು ನನಗೆ ಯಾವಾಗಲೂ ಮುಜುಗರ. ಎಲೆ ಅಡಿಕೆ ಹಾಕಿಕೊಂಡು, ಅವರ ಮನೆಯ ಕಾಫಿ ಕುಡಿದು, ಆಮೇಲೆ ಪೆನ್ನು ತೆಗೆದು ‘ನೀವು ಯಾವ ಜನ?’ ಎಂದು ಕೇಳುವುದು. ಹಾಡಿನ ಅಧ್ಯಯನಕ್ಕೆ ಅದು ಬೇಕು, ಅಲ್ಲವೆನ್ನುವುದಿಲ್ಲ. ಬೇಕಾದದ್ದೆಲ್ಲ ಕೇಳಲು ಹಿತವಾಗಿರುವುದಿಲ್ಲ ಅಷ್ಟೆ.

ಮನೆಗೆ ಬಂದು ಕ್ಯಾಸೆಟ್ಟು ಕೇಳಿಸಿಕೊಂಡು ಬರೆದುಕೊಳ್ಳುವುದು ಹಾಡಿಸುವುದಕ್ಕಿಂತ ದೊಡ್ಡ ಕೆಲಸ. ಕೋಳಿ, ಕರು, ಮಕ್ಕಳು, ಆಗೊಮ್ಮೆ ಈಗೊಮ್ಮೆ ಕೆಮ್ಮು, ಇವುಗಳ ನಡುವೆ ಪದ ಹುಡುಕಬೇಕು. ಒಂದೊಂದು ಸಾಲಿಗೆ ಹತ್ತು ಸಲ ಹಿಂದಕ್ಕೆ ತಿರುಗಿಸಬೇಕು. ನಮ್ಮ ಅತ್ತೆಯವರು ಅಡುಗೆಮನೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರು ಹಳ್ಳಿಯಲ್ಲೇ ಹುಟ್ಟಿ ಬೆಳೆದವರು, ಅಕ್ಷರ ಬಾರದು. ಒಂದು ದಿನ ನಾನು ಒಂದು ಪದದ ಮುಂದೆ ಪ್ರಶ್ನೆ ಚಿಹ್ನೆ ಹಾಕಿಕೊಂಡು ಕೂತಿದ್ದೆ. ‘ಹಗೆ’ ಎಂದು ಕೇಳಿಸುತ್ತಿತ್ತು, ಆದರೆ ಹಗೆತನಕ್ಕೂ ಆ ಹಾಡಿಗೂ ಸಂಬಂಧವೇ ಇರಲಿಲ್ಲ. ಅತ್ತೆ ಮೊರದಿಂದ ತಲೆ ಎತ್ತದೆಯೇ, ‘ಹಗೆ ಅಲ್ಲ ಕಣಮ್ಮ, ಹಗೇವು. ರಾಗಿ ತುಂಬಿಡೋದು’ ಎಂದರು. ಆಮೇಲೆ ಹಗೇವಿನ ಕಥೆಯನ್ನೆಲ್ಲ ಹೇಳಿದರು. ನೆಲದಲ್ಲಿ ತೋಡಿದ ಕಣಜ, ಬಾಯಿ ಕಿರಿದು ಒಡಲು ದೊಡ್ಡದು. ವರ್ಷಗಟ್ಟಲೆ ರಾಗಿ ಕೆಡದೆ ಇರುತ್ತದೆ. ಬಾಯಿ ತೆಗೆದ ಕೂಡಲೇ ಒಳಗೆ ಇಳಿದರೆ ಕೆಟ್ಟ ಗಾಳಿಗೆ ಸಿಕ್ಕಿ ಮನುಷ್ಯ ಸಾಯುತ್ತಾನೆ, ಅದಕ್ಕೆ ಮೊದಲು ದೀಪ ಇಳಿಬಿಟ್ಟು ಆರದೆ ಉರಿಯುತ್ತದೆಯೇ ಎಂದು ನೋಡಬೇಕು. ಆ ಒಂದು ಪದ ಸರಿಯಾದದ್ದೇ ಇಡೀ ಹಾಡಿನ ಅರ್ಥ ತೆರೆದುಕೊಂಡಿತು. ಅಂದಿನಿಂದ ಅತ್ತೆಯಿಲ್ಲದೆ ನಾನು ಕ್ಯಾಸೆಟ್ಟು ಹಾಕುತ್ತಿರಲಿಲ್ಲ.

ಬರೆಯುವುದು ಅಂದರೆ ಬರೆದದ್ದನ್ನು ಹೊಡೆದುಹಾಕುವುದು ಎಂದು ತಿಳಿದದ್ದು ಕರಡು ಮುಗಿದ ಮೇಲೆ. ಮೊದಲ ಕರಡು ಕೈಬರಹದಲ್ಲಿ 600 ಪುಟ ದಾಟಿತ್ತು. ನನ್ನ ಮಾರ್ಗದರ್ಶಕರು ಒಳ್ಳೆಯ ವಿದ್ವಾಂಸರು, ಸಜ್ಜನರು, ಕೆಂಪು ಮಸಿಯ ವಿಷಯದಲ್ಲಿ ಮಾತ್ರ ಕೈ ಹಿಡಿತವಿಲ್ಲ. ಎರಡು ತಿಂಗಳು ಬಿಟ್ಟು ಕರಡು ವಾಪಸು ಬಂದಾಗ ಅರಿಶಿನ ಕುಂಕುಮ ಎರಚಿದ ಹಾಗೆ ಕಾಣುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಹೊಡೆದದ್ದು ‘ನಾನು’ ಎನ್ನುವ ಪದವನ್ನು. ‘ಸಂಶೋಧನೆಯಲ್ಲಿ ನಾನು ಬರಬಾರದಮ್ಮ’ ಎಂದರು. ‘ನಾನು ಕಂಡೆ’ ಎನ್ನುವುದು ‘ಕಂಡುಬರುತ್ತದೆ’ ಆಯಿತು. ‘ನನಗೆ ಹೇಳಿದರು’ ಎನ್ನುವುದು ‘ತಿಳಿದುಬರುತ್ತದೆ’ ಆಯಿತು. ಯಾರಿಗೆ ಕಂಡಿತು, ಯಾರು ತಿಳಿಸಿದರು ಎನ್ನುವುದೆಲ್ಲ ಆ ‘ಬರುತ್ತದೆ’ಯಲ್ಲಿ ಕರಗಿಹೋಯಿತು. ಮೂರನೆಯ ಕರಡು 340 ಪುಟಕ್ಕೆ ಇಳಿದಾಗ ಎಣಿಸಿ ನೋಡಿದೆ: ಇಡೀ ಪ್ರಬಂಧದಲ್ಲಿ ‘ನಾನು’ ಉಳಿದಿದ್ದದ್ದು ಎರಡೇ ಕಡೆ. ಒಂದು, ಕೃತಜ್ಞತೆಯ ಪುಟದಲ್ಲಿ. ಇನ್ನೊಂದು, ಇದೆಲ್ಲ ನನ್ನದೆಂದು ರುಜು ಹಾಕುವ ಪುಟದಲ್ಲಿ.

ಕೃತಜ್ಞತೆಯ ಪುಟದ ಬಗ್ಗೆಯೇ ಯಾರಾದರೂ ಒಂದು ಪ್ರಬಂಧ ಬರೆಯಬೇಕು. ಗ್ರಂಥಾಲಯದಲ್ಲಿ ಕೂತು ಹಳೆಯ ಪ್ರಬಂಧಗಳ ಆ ಪುಟವನ್ನೇ ಓದುವುದು ನನಗೆ ಚಟವಾಗಿತ್ತು. ಗಂಡಸರು ಬರೆದದ್ದಾದರೆ, ತಾಳ್ಮೆಯಿಂದ ಸಹಕರಿಸಿದ, ಕರಡನ್ನು ಸ್ವಚ್ಛವಾಗಿ ನಕಲು ಮಾಡಿಕೊಟ್ಟ ಮಡದಿಗೆ ನೆನಕೆ. ಹೆಂಗಸರು ಬರೆದದ್ದಾದರೆ, ಸಂಶೋಧನೆಗೆ ‘ಅನುಮತಿ ನೀಡಿದ’ ಪತಿಗೆ ನೆನಕೆ. ಒಬ್ಬಳು 300 ಪುಟ ನಕಲು ಮಾಡಿದ್ದು, ಒಬ್ಬ ಬೇಡವೆನ್ನದೆ ಇದ್ದದ್ದು, ಎರಡಕ್ಕೂ ಒಂದೇ ತೂಕದ ಒಂದು ಸಾಲು. ನಮ್ಮೆಜಮಾನರು ಹಳ್ಳಿಗೆ ಸ್ಕೂಟರಿನಲ್ಲಿ ಬಿಟ್ಟು ಬಂದವರು, ಮಕ್ಕಳಿಗೆ ಜಡೆ ಹೆಣೆಯುವುದನ್ನು ಕಲಿತವರು. ಅದನ್ನೇ ಬರೆದೆ. ‘ಜಡೆ ಅಂತ ಹಾಕಬೇಡ, ಆಫೀಸಿನಲ್ಲಿ ನಗ್ತಾರೆ’ ಎಂದರು. ತೆಗೆಯಲಿಲ್ಲ. ಅತ್ತೆಯ ಬಗ್ಗೆ ಬರೆದ ನಾಲ್ಕು ಸಾಲನ್ನು ಅವರಿಗೆ ಓದಿ ಹೇಳಿದಾಗ, ‘ನಾನೇನು ಮಾಡ್ದೆ, ಕೇಳಿದ್ದು ಹೇಳ್ದೆ’ ಎಂದರು. ಸಂಶೋಧನೆ ಎಂದರೆ ಏನೆಂದು ಮಾರ್ಗದರ್ಶಕರು ಕೊಟ್ಟ ವ್ಯಾಖ್ಯೆಗಿಂತ ಇದು ಚಿಕ್ಕದು.

ಇಷ್ಟೆಲ್ಲ ಹೇಳಿ ಮುಖ್ಯ ವಿಷಯವನ್ನು ಮುಂದಕ್ಕೆ ಹಾಕುತ್ತಿದ್ದೇನೆ. ಹೇಳಲು ಕಷ್ಟವಾದ ವಿಷಯ ಅದು.

ನಾನು ಹಾಡಿಸಿಕೊಂಡವರಲ್ಲಿ ಒಬ್ಬ ಅಜ್ಜಿ. ಹೆಸರನ್ನೂ ಊರನ್ನೂ ಇಲ್ಲಿ ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಎಪ್ಪತ್ತೈದರ ಆಚೆಯ ವಯಸ್ಸು, ತೆಳ್ಳಗೆ ಹುಣಿಸೆ ಬರಲಿನ ಹಾಗಿದ್ದರು. ನಾಲ್ಕು ಸಲ ಹೋದಾಗ ನೂರಕ್ಕೂ ಹೆಚ್ಚು ತ್ರಿಪದಿ ಹಾಡಿದ್ದರು. ಒಂದೇ ಹಾಡನ್ನು ಎರಡು ದಿನ ಹಾಡಿದರೆ ಎರಡು ಥರ. ‘ನಿನ್ನೆ ಹಿಂಗಿರಲಿಲ್ಲವಲ್ಲ ಅಜ್ಜಿ’ ಎಂದರೆ, ‘ನಿನ್ನೆ ರಾಗಿ ನಿನ್ನೆ ಉಂಡ್ವಲ್ಲ’ ಎಂದು ಬೊಚ್ಚು ಬಾಯಲ್ಲಿ ನಗುತ್ತಿದ್ದರು. ಐದನೆಯ ಸಲ ಹೋದಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಎಲ್ಲ ಕಳೆ ಕೀಳಲು ಹೊಲಕ್ಕೆ ಹೋಗಿದ್ದರು. ಅಜ್ಜಿ ಕಲ್ಲಿನ ಮುಂದೆ ಕೂತು ಸುಮ್ಮನೆ ಗೂಟ ತಿರುಗಿಸುತ್ತ ಇದ್ದು, ಆಮೇಲೆ ಹಾಡತೊಡಗಿದರು. ನಾನು ಅದುವರೆಗೆ ಯಾವ ಸಂಗ್ರಹದಲ್ಲೂ ಓದದ, ಯಾವ ಊರಲ್ಲೂ ಕೇಳದ ಪದಗಳು. ಸುಮಾರು ಇಪ್ಪತ್ತು ತ್ರಿಪದಿ. ಏನಿತ್ತು ಅದರಲ್ಲಿ ಎಂದು ಹೇಳುವ ಹಾಗಿಲ್ಲ. ಹೊಸದಾಗಿ ಬಂದ ಸೊಸೆಯೊಬ್ಬಳು ಒಂದು ಮನೆಯಲ್ಲಿ ಒಂದು ಮಳೆಗಾಲ ಕಳೆದದ್ದು ಎನ್ನಬಹುದು, ಅಷ್ಟೆ. ಮುಗಿದ ಮೇಲೆ ಕೇಳಿದೆ, ‘ಇದನ್ನು ಯಾರಿಂದ ಕಲಿತಿರಿ?’

‘ಯಾರಿಂದ್ಲೂ ಇಲ್ಲ ಕಣವ್ವ. ನಾನೇ ಕಟ್ಕಂಡಿದ್ದು. ಕಲ್ಲು ಗರಗರ ಅಂತಿತ್ತಲ್ಲ, ನಾನೇನಂದ್ರೂ ಆಚೆಗೆ ಕೇಳ್ತಿರಲಿಲ್ಲ.’

ಸ್ವಲ್ಪ ಹೊತ್ತು ಬಿಟ್ಟು, ಟೇಪ್ ರೆಕಾರ್ಡರಿನ ಕಡೆ ಬೆರಳು ಮಾಡಿ ಹೇಳಿದರು: ‘ಆ ಪೆಟ್ಟಿಗೇಲಿ ಬೇಕಾದ್ರೆ ಇರಲಿ. ಬುಕ್ಕಿಗೆ ಬ್ಯಾಡ. ಊರೋರ ಕಿವಿಗೆ ಬ್ಯಾಡ. ನನ್ನ ಹೆಸರಂತೂ ಬ್ಯಾಡವೇ ಬ್ಯಾಡ.’

ಆ ಕ್ಯಾಸೆಟ್ಟನ್ನು ಮನೆಯಲ್ಲಿ ಹಾಕಿದಾಗ ಅತ್ತೆ ಮೊರ ಕೆಳಗಿಟ್ಟರು. ಮುಗಿಯುವ ತನಕ ಮಾತಾಡಲಿಲ್ಲ. ‘ಇನ್ನೊಂದ್ಸಲ ಹಾಕು’ ಎಂದರು. ಮತ್ತೆ ಕೇಳಿ ಎದ್ದು ಒಳಗೆ ಹೋದರು. ಅರ್ಥವಾಗದೆ ಉಳಿದಿದ್ದ ಒಂದೆರಡು ಮಾತುಗಳನ್ನು ಮಾರನೆಯ ದಿನ, ನಾನು ಕೇಳದೆಯೇ ಬಿಡಿಸಿ ಹೇಳಿದರು.

ನನ್ನ ಪ್ರಬಂಧಕ್ಕೆ ಆ ಹಾಡು ಸಿಡಿಲು ಹೊಡೆದ ಹಾಗಾಯಿತು. ಮೊದಲನೆಯ ಅಧ್ಯಾಯದಲ್ಲಿ ನಾನು ಎಲ್ಲರಂತೆ ಬರೆದಿದ್ದೆ: ಜನಪದ ಗೀತೆಗಳಿಗೆ ಕರ್ತೃವಿಲ್ಲ, ಅವು ಸಮುದಾಯದ ಸೃಷ್ಟಿ. ಆ ಮಾತು ಸುಳ್ಳಲ್ಲ, ಆದರೆ ಸಮುದಾಯ ಎನ್ನುವುದು ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಕಲ್ಲಿನ ಮುಂದೆ ಕೂರುವುದಿಲ್ಲ. ಕೂರುವವಳು ಒಬ್ಬಳು. ಕಟ್ಟಿದವಳು ಹೆಸರು ಹೇಳಲಾರದೆ ಬಿಟ್ಟದ್ದನ್ನು ನಾವು ‘ಕರ್ತೃವಿಲ್ಲ’ ಎಂದು ಎಷ್ಟು ಸಲ ಕರೆದಿದ್ದೇವೋ! ಬೀಸುವ ಕಲ್ಲು ಹಾಡಿಗೆ ತಾಳ ಕೊಡುತ್ತಿತ್ತು ಎಂದು ನಾಲ್ಕನೆಯ ಅಧ್ಯಾಯದಲ್ಲಿ ಬರೆದಿದ್ದೆ. ಅದು ಮರೆಯನ್ನೂ ಕೊಡುತ್ತಿತ್ತು ಎನ್ನುವುದು ಈಗ ಹೊಳೆಯಿತು. ತುಂಬಿದ ಮನೆಯಲ್ಲಿ ಹೆಂಗಸಿಗೆ ಬಾಗಿಲಿದ್ದ ಕೋಣೆ ಇರಲಿಲ್ಲ. ಆ ಗರಗರ ಸದ್ದೇ ಅವಳ ಕೋಣೆ. ಮಿಷನ್ನು ಬಂದು ತೋಳಿನ ನೋವು ಹೋಯಿತು, ಯಾರೂ ಅದಕ್ಕೆ ಅಳಬೇಕಾಗಿಲ್ಲ. ಜೊತೆಗೆ ಆ ಕೋಣೆಯೂ ಹೋಯಿತು. ಇದು ನನ್ನ ಪ್ರಬಂಧದ ಅತಿ ಮುಖ್ಯ ಮಾತಾಗಬೇಕಿತ್ತು. ಇದಕ್ಕೆ ಆಧಾರ ಆ ಇಪ್ಪತ್ತು ತ್ರಿಪದಿ. ಆಧಾರ ಕೊಡುವ ಹಾಗಿಲ್ಲ.

ಮಾರ್ಗದರ್ಶಕರಿಗೆ ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ, ನ್ಯಾಯವಾಗಿಯೇ ವಾದಿಸಿದರು. ಹೆಸರು ಬಿಟ್ಟುಬಿಡು, ಊರು ಬದಲಾಯಿಸು, ಹಾಡನ್ನು ಮಾತ್ರ ಕೊಡು ಎಂದರು. ಆಕೆಯ ಕಾಲದ ನಂತರ ಅದು ಉಳಿಯುವುದು ಬೇಡವೆ? ಅಂಥ ದುಃಖ ಆಕೆಯೊಬ್ಬಳದೇ ಅಲ್ಲ, ಓದಿದ ಎಷ್ಟೋ ಹೆಂಗಸರಿಗೆ ಅದು ತಮ್ಮದೂ ಎನ್ನಿಸುವುದಿಲ್ಲವೆ? ಜ್ಞಾನವನ್ನು ಹಗೇವಿನಲ್ಲಿ ಹೂಳಿಡಬಾರದು ಎಂದರು. (ಹಗೇವಿನ ಕಥೆಯನ್ನು ಅವರಿಗೆ ಹೇಳಿದ್ದವಳು ನಾನೇ.)

ಈ ವಾದವನ್ನು ಸುಲಭವಾಗಿ ತಳ್ಳಿಹಾಕುವ ಹಾಗಿರಲಿಲ್ಲ. ಹಲಸಂಗಿ ಗೆಳೆಯರು ಊರೂರು ತಿರುಗಿ ಬರೆದುಕೊಳ್ಳದೆ ಹೋಗಿದ್ದರೆ 1931ರಲ್ಲಿ ‘ಗರತಿಯ ಹಾಡು’ ಎನ್ನುವ ಪುಸ್ತಕ ಬರುತ್ತಿರಲಿಲ್ಲ. ಆ ಪುಸ್ತಕವಿಲ್ಲದೆ ನಮ್ಮಂಥವರು ಈ ಹಾಡುಗಳನ್ನು ಅಧ್ಯಯನಕ್ಕೆ ಯೋಗ್ಯ ಎಂದುಕೊಳ್ಳುವ ಧೈರ್ಯವನ್ನೇ ಮಾಡುತ್ತಿರಲಿಲ್ಲ. ಅವರನ್ನು ದೂರುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಆದರೂ ನೋಡಿ, ಆ ಗೆಳೆಯರ ಹೆಸರು ನಮಗೆ ಗೊತ್ತು: ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾ ಅವರು. ಹಾಡಿದ ಗರತಿಯರ ಹೆಸರು ಯಾರ ನಾಲಗೆಯ ಮೇಲೂ ಇಲ್ಲ. ಕಾಲ ಸ್ವಲ್ಪ ಬದಲಾಗಿದೆ. ಚಳ್ಳಕೆರೆ ಕಡೆಯ ಸಿರಿಯಜ್ಜಿಯನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಕರೆದು ಗೌರವಿಸಿತು. ಅಂಕೋಲೆಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಡುವ ಹೆಂಗಸಿಗೆ ಹೆಸರು ಬಂದದ್ದು ಸಂತೋಷವೇ. ಹೆಸರು ಕೊಡುವುದನ್ನು ಕಲಿತೆವು. ಹೆಸರು ಬೇಡ ಎಂದವಳನ್ನು ಏನು ಮಾಡಬೇಕೆಂದು ಯಾವ ಶಾಸ್ತ್ರವೂ ನನಗೆ ಕಲಿಸಿರಲಿಲ್ಲ.

ಎ.ಕೆ. ರಾಮಾನುಜನ್ ಅವರು ಹೊರತಂದ ಭಾರತದ ಜನಪದ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ನಮ್ಮ ಕನ್ನಡದ ಕಥೆಯೊಂದಿದೆ. ಆ ಪುಸ್ತಕ 1991ರಲ್ಲಿ ಬಂತು, ನಾನು ತಿದ್ದುವುದರಲ್ಲಿ ಮುಳುಗಿದ್ದಾಗ. ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತು, ಒಂದು ಹಾಡು ಗೊತ್ತು. ಯಾರಿಗೂ ಹೇಳಳು. ಒಳಗೆ ಉಸಿರುಗಟ್ಟಿದ ಅವು ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಒಂದು ಜೊತೆ ಜೋಡಾಗಿ, ಇನ್ನೊಂದು ಗಂಡಸಿನ ಅಂಗಿಯಾಗಿ ಕಾಣಿಸಿಕೊಳ್ಳುತ್ತವೆ. ಗಂಡ ಬಂದು ನೋಡಿ ಯಾರು ಬಂದಿದ್ದವರು ಎಂದು ಜಗಳ ತೆಗೆಯುತ್ತಾನೆ. ಹೇಳದೆ ಇಟ್ಟ ಹಾಡು ಸೇಡು ತೀರಿಸಿಕೊಳ್ಳುತ್ತದೆ ಎಂದು ಕಥೆಯ ಭಾವ. ಮಾರ್ಗದರ್ಶಕರ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ನಾನೂ ಮೊದಲು ಹಾಗೆಯೇ ಓದಿದೆ. ಆಮೇಲೆ ಮತ್ತೆ ಯೋಚಿಸಿದಾಗ ಅನ್ನಿಸಿತು, ಕಥೆ ಕೇಳುವುದು ಆಕೆ ಹೇಳಬೇಕು ಎಂದು. ಬೇರೆಯವರು ಆಕೆಯ ಬಾಯಿ ತೆರೆದು ತೆಗೆದುಕೊಳ್ಳಬೇಕು ಎಂದಲ್ಲ. ಅಜ್ಜಿ ತನ್ನ ಹಾಡನ್ನು ಬಚ್ಚಿಟ್ಟುಕೊಂಡಿರಲಿಲ್ಲ, ಹೇಳಿದ್ದರು. ಮೊದಲು ಕಲ್ಲಿಗೆ, ಆಮೇಲೆ ನನಗೆ. ಇಲ್ಲಿಗೆ ಸಾಕು ಎಂದು ಅವರೇ ಗೆರೆ ಎಳೆದಿದ್ದರು.

ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದರಲ್ಲಿ ಎರಡು ಬಗೆ. ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಹೇಳುವುದು ಒಂದು. ಅದು ನಾಲ್ಕು ಜನಕ್ಕೆ ಹೋಗಲಿ ಎಂದೇ ಹೇಳುವುದು. ಬಾಗಿಲು ಮುಂದೆ ಮಾಡಿ ಹೇಳುವುದು ಇನ್ನೊಂದು. ಕೇಳಿದವಳ ಕೈಯಲ್ಲಿ ನೋಟ್ ಪುಸ್ತಕವಿದೆ ಎಂದ ಮಾತ್ರಕ್ಕೆ ಎರಡನೆಯದು ಮೊದಲನೆಯದಾಗುವುದಿಲ್ಲ. ಹೆಸರು ಊರು ಬದಲಾಯಿಸಿದರೆ ಸಾಲದೇ ಎಂದರೆ, ಸಾಲದು. ಆ ಸೀಮೆಯವರು ಆ ಹಾಡಿನ ಎರಡು ಸಾಲು ಓದಿದರೆ ಯಾವ ಮನೆ ಎಂದು ಹೇಳಬಲ್ಲರು. ಹೇಳಲಾರರು ಎಂದೇ ಇಟ್ಟುಕೊಳ್ಳೋಣ. ಆಗಲೂ ನಾನು ಮಾತು ಕೊಟ್ಟದ್ದು ಅಜ್ಜಿಗೆ, ಆ ಸೀಮೆಯವರಿಗಲ್ಲ.

ಇದರಿಂದ ಓದುವ ಲೋಕಕ್ಕೆ ನಷ್ಟವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ನಷ್ಟ ಇದೆ. ಅಂಥ ಹಾಡನ್ನು ಓದಿ ಯಾವಳೋ ಒಬ್ಬಳು, ತನ್ನ ಪಾಡು ತನ್ನೊಬ್ಬಳದಲ್ಲ ಎಂದು ಒಂದು ರಾತ್ರಿ ನಿದ್ದೆ ಮಾಡಬಹುದಿತ್ತು. ಆ ನಿದ್ದೆಯನ್ನು ನಾನು ತಪ್ಪಿಸಿದ್ದೇನೆ. ಒಬ್ಬರಿಗೆ ಕೊಟ್ಟ ಮಾತಿನ ಬೆಲೆಯನ್ನು ಇನ್ನೊಬ್ಬರು, ತಮಗೆ ಗೊತ್ತೇ ಇಲ್ಲದೆ, ತೆರಬೇಕಾಗುತ್ತದೆ. ಅದು ಗೊತ್ತಿದ್ದೂ ಹಾಡನ್ನು ಬಿಟ್ಟೆ.

ಮೊದಲ ಅಧ್ಯಾಯದ ಆ ಸಾಲನ್ನು ತಿದ್ದಿದೆ. ಜನಪದ ಗೀತೆಗಳಿಗೆ ಕರ್ತೃವಿಲ್ಲ ಎಂಬಲ್ಲಿ, ಕರ್ತೃವಿನ ಹೆಸರು ಉಳಿದಿಲ್ಲ ಎಂದು ಮಾಡಿದೆ. ನಾಲ್ಕನೆಯ ಅಧ್ಯಾಯದಲ್ಲಿ ಬೀಸುವ ಕಲ್ಲಿನ ಮರೆಯ ಬಗ್ಗೆ ಬರೆದು, ಹೆಂಗಸರು ತಾವೇ ಕಟ್ಟಿದ ಪದಗಳನ್ನೂ ಬೀಸುವಾಗ ಹಾಡಿಕೊಳ್ಳುತ್ತಿದ್ದರು ಎಂದು ಹೇಳಿ, ಕೆಳಗೆ ಒಂದು ಸಾಲು ಸೇರಿಸಿದೆ: ಕಟ್ಟಿದವರ ಇಚ್ಛೆಯಂತೆ ಪಾಠವನ್ನು ಕೊಟ್ಟಿಲ್ಲ. ಮಾರ್ಗದರ್ಶಕರು ಆ ಸಾಲಿನ ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದರು, ಹೊಡೆದುಹಾಕಲಿಲ್ಲ. 1994ರಲ್ಲಿ ಐದು ಪ್ರತಿ ಮಾಡಿಸಿ, ರೆಕ್ಸಿನ್ ರಟ್ಟು ಹಾಕಿಸಿ, ಬಂಗಾರದ ಬಣ್ಣದ ಅಕ್ಷರದಲ್ಲಿ ಹೆಸರು ಹೊಡೆಸಿ ಸಲ್ಲಿಸಿದೆ. ಮಾರನೆಯ ವರ್ಷ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನೇರವಾಗಿ ಆ ಪುಟಕ್ಕೇ ಬಂದರು. ‘ಇಷ್ಟು ದೊಡ್ಡ ಮಾತು ಹೇಳಿ ಒಂದು ಉದಾಹರಣೆ ಇಲ್ಲವಲ್ಲ? ನಿಮ್ಮನ್ನು ನಾವು ನಂಬಬೇಕೋ?’ ಎಂದರು. ‘ಆಕೆ ನನ್ನನ್ನು ನಂಬಿದ್ದಾರೆ, ಸರ್’ ಎಂದೆ. ಮೊದಲೇ ಯೋಚಿಸಿಟ್ಟುಕೊಂಡ ಉತ್ತರವಲ್ಲ. ಅವರು ಏನನ್ನೋ ಬರೆದುಕೊಂಡು ಮುಂದಿನ ಪುಟ ತಿರುಗಿಸಿದರು. ಪದವಿ ಬಂತು. ವರದಿಯಲ್ಲಿ ನಾಲ್ಕನೆಯ ಅಧ್ಯಾಯ ದುರ್ಬಲವಾಗಿದೆ ಎಂದು ಬರೆದಿದ್ದರಂತೆ. ಅದು ಅನ್ಯಾಯವೆಂದು ನಾನು ಹೇಳಲಾರೆ. ಅವರಿಗೆ ಕಾಣುವ ಹಾಗೆ ಅದು ದುರ್ಬಲವೇ.

ರುಜು ಹಾಕುವ ಪುಟಕ್ಕೆ ಬಂದಾಗ ನಾನು ಮಾಡಿಕೊಂಡ ಸಮಾಧಾನ ಇಷ್ಟು. ‘ಸ್ವಂತ’ ಎಂದರೆ ಒಡೆತನ ಎಂದು ತೆಗೆದುಕೊಂಡರೆ ಆ 340 ಪುಟದಲ್ಲಿ ನನ್ನದು ಎನ್ನುವುದು ಬಹಳ ಇಲ್ಲ. ಹಾಡು ಅವರದು, ಅರ್ಥ ಅತ್ತೆಯದು, ಕ್ರಮ ಮಾರ್ಗದರ್ಶಕರದು. ಆದರೆ ಒಂದು ಹೊಲ ನನ್ನದು ಎನ್ನುವ ರೀತಿ ಬೇರೆ, ಒಂದು ಕೂಸು ನನ್ನದು ಎನ್ನುವ ರೀತಿ ಬೇರೆ. ಯಾವುದನ್ನು ಸೇರಿಸಿದೆ, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಬೇಕಾದವಳು ನಾನೊಬ್ಬಳೇ. ಅತ್ತೆಯನ್ನೋ ಅಜ್ಜಿಯನ್ನೋ ಮುಂದೆ ಮಾಡುವ ಹಾಗಿಲ್ಲ. ಆ ಅರ್ಥದಲ್ಲಿ ರುಜು ಹಾಕಿದೆ. ಪ್ರಬಂಧದಲ್ಲಿ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದೇ ಹೆಚ್ಚು ನನ್ನ ಸ್ವಂತ ಎಂದು ಕೆಲವು ಸಲ ಅನ್ನಿಸುತ್ತದೆ.

ಈಗಿನ ಸಂಶೋಧಕಿಯರನ್ನು ನೋಡಿದರೆ ಕೆಲವು ವಿಷಯದಲ್ಲಿ ಹೊಟ್ಟೆಕಿಚ್ಚಾಗುತ್ತದೆ. 2016ರ ಯು.ಜಿ.ಸಿ. ನಿಯಮದಲ್ಲಿ ಪಿಎಚ್.ಡಿ. ಮಾಡುವ ಹೆಂಗಸರಿಗೆ ಎರಡು ವರ್ಷ ಹೆಚ್ಚಿನ ಅವಧಿ, ಬಾಣಂತನಕ್ಕೆ, ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಎಂದು ಬಂತು. ನಮ್ಮ ಕಾಲದಲ್ಲಿ ಇಂಥದ್ದೊಂದು ಇದ್ದಿದ್ದರೆ ಅರ್ಧಕ್ಕೆ ಬಿಟ್ಟ ನನ್ನ ಇಬ್ಬರು ಗೆಳತಿಯರು ಮುಗಿಸುತ್ತಿದ್ದರು. 2018ರಲ್ಲಿ ಕೃತಿಚೌರ್ಯದ ನಿಯಮವೂ ಬಂದಿದೆ. ಬೇರೆ ಬರಹಗಳೊಂದಿಗೆ ಹೋಲಿಕೆ ನೂರಕ್ಕೆ ಹತ್ತನ್ನು ಮೀರಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಇನ್ನೂ ಹೆಚ್ಚಾದರೆ ಶಿಕ್ಷೆ. ಒಳ್ಳೆಯದೇ. ಕಂಪ್ಯೂಟರು ಅಚ್ಚಾದದ್ದನ್ನು ಅಚ್ಚಾದದ್ದರ ಜೊತೆ ಹೋಲಿಸಿ ನೋಡುತ್ತದೆ. ಎಲ್ಲೂ ಅಚ್ಚಾಗದ ಅಜ್ಜಿಯೊಬ್ಬಳ ಹಾಡನ್ನು ಎತ್ತಿಕೊಂಡರೆ ಅದರ ಲೆಕ್ಕದಲ್ಲಿ ಹೋಲಿಕೆ ಸೊನ್ನೆ.

ಅಜ್ಜಿ 1996ರ ಚಳಿಗಾಲದಲ್ಲಿ ತೀರಿಕೊಂಡರು. ಅತ್ತೆ ಹೋಗಿಯೂ ಬಹಳ ವರ್ಷವಾಯಿತು. ಕ್ಯಾಸೆಟ್ಟುಗಳನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದೆ. ನಿವೃತ್ತಿಯಾದ ಮೇಲೆ, 2019ರಲ್ಲಿ, ಒಂದು ಭಾನುವಾರ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಮನೆ ಹುಡುಕಿಕೊಂಡು ಬಂದಳು. ಅಜ್ಜಿಯ ಮೊಮ್ಮಗಳು, ಆಸ್ಪತ್ರೆಯಲ್ಲಿ ನರ್ಸು. ‘ಮೇಡಂ, ನಮ್ಮಜ್ಜಿ ದನಿ ನಿಮ್ಮತ್ರ ಇದೆ ಅಂತ ಅಮ್ಮ ಹೇಳ್ತಿದ್ರು’ ಎಂದಳು. ಹಳೆಯ ಟೇಪ್ ರೆಕಾರ್ಡರು ತೆಗೆದು ಒಂದೊಂದಾಗಿ ಹಾಕಿದೆ. ನಕ್ಕಳು, ಅತ್ತಳು. ಸಂಜೆಯಾದ ಮೇಲೆ ಕೇಳಿದಳು, ‘ಇನ್ನೊಂದು ಇದೆಯಂತಲ್ಲ ಮೇಡಂ, ಅಜ್ಜಿದೇ?’

ಊರವರ ಕಿವಿಗೆ ಬೇಡ ಎಂದಿದ್ದರು ಅಜ್ಜಿ. ಮೊಮ್ಮಗಳು ಊರವಳೇ, ಮನೆಯವಳೇ? ಆ ಮನೆಯ ವಿಷಯವೇ ತಾನೆ ಹಾಡಿನಲ್ಲಿದ್ದದ್ದು. ಅಂದು ರಾತ್ರಿ ಅವಳು ನಮ್ಮಲ್ಲೇ ಉಳಿದಳು. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟು, ಅಜ್ಜಿ ಏನು ಹೇಳಿದ್ದರು ಎನ್ನುವುದನ್ನು ಒಂದು ಅಕ್ಷರ ಬಿಡದೆ ಅವಳಿಗೆ ಹೇಳಿದೆ. ಆಮೇಲೆ ಕ್ಯಾಸೆಟ್ಟನ್ನು ಅವಳ ಕೈಗೆ ಕೊಟ್ಟೆ. ಪ್ರತಿ ಮಾಡಿಟ್ಟುಕೊಳ್ಳಲಿಲ್ಲ. ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದ ಹಾಳೆಗಳನ್ನೂ ಹರಿದು ಜೊತೆಗೆ ಇಟ್ಟೆ.

ಎರಡು ತಿಂಗಳ ಮೇಲೆ ಫೋನು ಮಾಡಿದಳು. ಅದೂ ಇದೂ ಮಾತಾಡಿ, ಕೊನೆಗೆ ಒಂದು ಮಾತಿನ ಅರ್ಥ ಕೇಳಿದಳು. ಯಾವ ಮಾತು ಎಂದು ಇಲ್ಲಿ ಬರೆಯುವುದಿಲ್ಲ. ಅತ್ತೆ ನನಗೆ ಹೇಗೆ ಬಿಡಿಸಿ ಹೇಳಿದ್ದರೋ ಹಾಗೆಯೇ ಹೇಳಿದೆ. ‘ಹಾಗಾ’ ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ, ಡ್ಯೂಟಿಗೆ ಹೊತ್ತಾಯಿತು ಎಂದು ಫೋನು ಇಟ್ಟಳು.